ಘರ್ಷಣೆಯಿಲ್ಲದ ಹಲಗೆ

ನನ್ನ ತಂಗಿ ಯಂತ್ರ ಇಳಿಸುವವಳು. ಲಾರಿಗೆ ಹಲಗೆ ಒರಗಿಸಿ, ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಸುತ್ತಿ, ಆನೆಯಂಥ ಮುದ್ರಣಯಂತ್ರವನ್ನು ಬೆಕ್ಕಿನ ಮರಿಯ ಹಾಗೆ ನೆಲಕ್ಕಿಳಿಸುತ್ತಾಳೆ. ಗಂಡನ ಮೊಣಕಾಲು ಮುರಿದ ಮೇಲೆ ಆರು ಆಳಿನ ತಂಡಕ್ಕೆ ಅವಳೇ ಯಜಮಾನಿ. ಅಷ್ಟರಲ್ಲಿ ಹೊಸ ನಿಯಮ ಬಂತು: ಲಿಖಿತ ಪರೀಕ್ಷೆ ಪಾಸಾದವರಿಗಷ್ಟೇ ಪರವಾನಗಿ. ಎರಡು ಸಲ ಡುಮ್ಕಿ ಹೊಡೆದಳು. ಮೂರನೆಯದೇ ಕೊನೆ, ಅದೂ ಕೈಕೊಟ್ಟರೆ ತಂಡ ಬೇರೆಯವರ ಪಾಲು.

ಎಡವಿದ್ದೆಲ್ಲ ಒಂದೇ ಕಲ್ಲಿಗೆ. "ಇಳಿಜಾರಿನ ಎತ್ತರ ಒಂದೂಕಾಲು ಮೀಟರ್. ಘರ್ಷಣೆ ಇಲ್ಲವೆಂದು ಭಾವಿಸಿ. ಐನೂರು ಕಿಲೋ ಪೆಟ್ಟಿಗೆ ಕೆಳಗೆ ಮುಟ್ಟುವಾಗ ವೇಗವೆಷ್ಟು?" ಇವಳು ಎರಡು ಸಲವೂ, "ಇಂಥ ಹಲಗೆಯ ಮೇಲೆ ನಾನು ಪೆಟ್ಟಿಗೆ ಇಡುವುದಿಲ್ಲ" ಎಂದು ಬರೆದು ಬಂದಿದ್ದಳು.

ಶಾಲೆಯ ಹೊಸ್ತಿಲು ತುಳಿಯದೆ, ಪೊಟ್ಟಣದ ಕಾಗದ ಓದಿಯೇ ಲೆಕ್ಕ ಕಲಿತವನು ನಾನು. ಪಾಠಕ್ಕೆ ಕೂತೆ.

"ಭಾವಿಸಿ ಅಂದ್ರೆ ಭಾವಿಸಬೇಕಮ್ಮ."

"ಉಜ್ಜದೇ ಇರೋ ಹಲಗೆ ಎಲ್ಲಿದೆ ತೋರ್ಸಣ್ಣ. ಇಳಿಸಿದ ಮೇಲೆ ಕಂಬ ಮುಟ್ಟಿದ್ರೆ ಕೈ ಚುರುಕ್ ಅನ್ನುತ್ತೆ. ಅದೇನು ಸುಳ್ಳಾ?"

"ಸುಳ್ಳಲ್ಲ. ಎತ್ತರದಲ್ಲಿದ್ದ ಶಕ್ತಿನೇ ಆ ಬಿಸಿ ಆಗಿದ್ದು. ಬಿಸಿಯಾಗೋಕೆ ದಾರಿ ಸಿಗದಿದ್ರೆ ಅಷ್ಟೂ ವೇಗ ಆಗುತ್ತೆ."

"ಪುಸ್ತಕದ ಬದನೆಕಾಯಿ. ನೀನೇ ಇಟ್ಕೊ."

ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅವಳ ಗಂಡ ತಲೆ ಎತ್ತದೆ ಹೇಳಿದ: "ಲೇ, ಅವತ್ತು ಹಲಗೆ ಮೇಲೆ ಎಣ್ಣೆ ಚೆಲ್ಲಿ ಪೆಟ್ಟಿಗೆ ಜಾರಿ ನನ್ನ ಕಾಲಿಗೆ ಬಂತಲ್ಲ, ಅದನ್ನೇ ಅನ್ಕೊ. ಹೆಚ್ಚುಕಮ್ಮಿ ಅದೇ ಹಲಗೆ."

ತಂಗಿ ಅವನ ಮೊಣಕಾಲನ್ನೊಮ್ಮೆ ನೋಡಿದಳು. ಪೆನ್ಸಿಲ್ ಎತ್ತಿಕೊಂಡಳು. ಎತ್ತರದ ಶಕ್ತಿ ಎಡಕ್ಕೆ, ಓಟದ ಶಕ್ತಿ ಬಲಕ್ಕೆ. ಎರಡೂ ಕಡೆಯ ಐನೂರು ಕಿಲೋ ಹೊಡೆದುಹೋಯಿತು. ಉಳಿದದ್ದು ಸೆಕೆಂಡಿಗೆ ಐದು ಮೀಟರ್.

"ಹಂಗಾದ್ರೆ ಖಾಲಿ ಪೆಟ್ಟಿಗೆನೂ ಇಷ್ಟೇ ಜೋರಾಗಿ ಬರುತ್ತಾ?"

"ಬರೋದು ಅಷ್ಟೇ ಜೋರು. ತಡೆಯೋದು ಬೇರೆ ಮಾತು," ಎಂದೆ.

"ಅವತ್ತು ಖಾಲಿ ಪೆಟ್ಟಿಗೆ ಬಂದಿದ್ರೆ ನನಗೆ ಈ ಈರುಳ್ಳಿ ತಪ್ತಿತ್ತು," ಎಂದ ಗಂಡ ಕಣ್ಣೊರೆಸಿಕೊಂಡ.

ಪರೀಕ್ಷೆಯಲ್ಲಿ ಅದೇ ಜಾತಿಯ ಲೆಕ್ಕ ಬಂತು. ಸರಿಯಾಗಿ ಬಿಡಿಸಿ, ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಹಲಗೆಯ ಮುಂದೆ ಯಾರೂ ನಿಲ್ಲಕೂಡದು." ಅಧಿಕಾರಿ ಹೇಳಿಕಳಿಸಿದರು.

"ಈ ಸಾಲು ಯಾರು ಕೇಳಿದ್ರಮ್ಮ?"

"ನಿಮ್ಮ ಪ್ರಶ್ನೆ ಹಲಗೆ ತುದೀಲಿ ಮುಗಿಯುತ್ತೆ ಸಾರ್. ನಮ್ಮೋರ ಕಾಲು ಅಲ್ಲಿಂದಾನೇ ಶುರು."

ಅವರು ಪರವಾನಗಿಗೆ ಸಹಿ ಹಾಕಿದರು. ಮುಂದಿನ ವರ್ಷದ ಪ್ರಶ್ನೆಪತ್ರಿಕೆಗೆಂದು ಆ ಸಾಲನ್ನು ತಮ್ಮ ಡೈರಿಗೂ ಬರೆದುಕೊಂಡರು.