ಬಾರ್ ಮ್ಯಾನೇಜರ್‌ಗೆ ಛತ್ರದ ಅನುಭವ

ನೋಡ್ರಪ್ಪಾ, ಅಂತರಸನಹಳ್ಳಿಯ ನಮ್ಮ ಬಾರ್‌ಗೆ ಇವತ್ತು ಮ್ಯಾನೇಜರ್ ಸಿಕ್ಕಿದ್ರು. ನನ್ನ ಪಾರ್ಟ್ನರ್ ಆಗಿರೋ ಕುಣಿಗಲ್ ಭಾವ ಬಾಗಿಲಿಗೆ ಬೋರ್ಡ್ ಹಾಕ್ಸಿದ್ರು: ‘ಬಾರ್‌ನಲ್ಲಿ ಐದು ವರ್ಷ ಅನುಭವ ಕಡ್ಡಾಯ’. ಅಂಥೋರು ಮೂರು ಜನ ಬಂದ್ರು. “ಕಸ್ಟಮರ್ ಗಲಾಟೆ ಮಾಡಿದ್ರೆ ಏನ್ಮಾಡ್ತೀರ?” ಅಂತ ಕೇಳಿದೆ.

“ಎತ್ತಿ ಆಚೆ ಹಾಕ್ತೀವಿ ಸಾರ್.” ಮೂವರದ್ದೂ ಇದೇ ಉತ್ತರ.

ಎಲ್ಲರನ್ನೂ ಆಚೆ ಹಾಕಿದ್ರೆ ಒಳಗೆ ಕೂತು ಕುಡಿಯೋರು ಯಾರು, ನಾವಾ?

ನಾಲ್ಕನೆಯವರು ಗುಬ್ಬಿಯ ಸಿದ್ದಣ್ಣ. ಎಲ್ಲೋ ನೋಡಿದ ಮುಖ. ಹನ್ನೆರಡು ವರ್ಷ ಮದುವೆ ಛತ್ರದ ಮ್ಯಾನೇಜರ್ ಆಗಿದ್ದೋರು, ಬಾರ್ ಕೆಲಸ ಗೊತ್ತಿಲ್ಲ. ಭಾವ ತಲೆ ಎತ್ತದೇ ಬಯೋಡೇಟಾ ವಾಪಸ್ ಕೊಟ್ರು. “ಛತ್ರದ ಅನುಭವ ಇಲ್ಲಿ ನಡೆಯಲ್ಲ ಕಣಪ್ಪ. ಇಲ್ಲಿ ಬರೋರು ಕುಡಿದು ಗಲಾಟೆ ಮಾಡೋರು.”

“ಗಂಡಿನ ಕಡೆಯೋರು ಕುಡೀದೇನೇ ಮಾಡ್ತಾರೆ ಸಾರ್,” ಅಂದ್ರು ಸಿದ್ದಣ್ಣ. “ಮೊದಲನೇ ಪಂಕ್ತೀಲಿ ಜಾಗ ಸಿಗಲಿಲ್ಲ ಅಂತ ಎದ್ದು ಹೊರಟೋರನ್ನೆಲ್ಲ ಕೈ ಹಿಡಿದು ಕರ್ಕೊಂಡು ಬಂದು ಕೂರ್ಸಿದೀನಿ. ಒಬ್ಬರನ್ನೂ ಆಚೆ ಹಾಕಿಲ್ಲ.”

ನನಗೆ ಅಷ್ಟೇ ಸಾಕಾಗಿತ್ತು. ಭಾವ ಮಾತ್ರ ಬೋರ್ಡ್ ಕಡೆ ಕೈ ತೋರಿಸ್ತಾನೇ ಇದ್ರು. ಆಗ ಸಿದ್ದಣ್ಣ ಅವರ ಮುಖಾನೇ ದಿಟ್ಟಿಸಿ ನೋಡಿ, “ಸಾರ್, ನಿಮ್ಮ ಮದುವೆ ನಮ್ಮ ಛತ್ರದಲ್ಲೇ ಅಲ್ವಾ ಆಗಿದ್ದು? ಒಬ್ಬಟ್ಟಿಗೆ ತುಪ್ಪ ಹಾಕಲಿಲ್ಲ ಅಂತ ಪೇಟ ಕಟ್ಕೊಂಡೇ ಬಸ್ ಸ್ಟ್ಯಾಂಡ್ ತನಕ ಹೋಗ್ಬಿಟ್ಟಿದ್ರಿ...” ಅಂದ್ರು.

ಭಾವ ಎದ್ದು ಹೋಗಿ ಬೋರ್ಡ್ ಬಿಚ್ಕೊಂಡು ಬಂದ್ರು. “ಸೋಮವಾರದಿಂದ ಬಂದ್ಬಿಡಪ್ಪ.”

ನಮ್ಮಕ್ಕನ ಮದುವೆ ಉಳಿಸಿದೋರು, ನಮ್ಮ ಬಾರ್ ಉಳಿಸಲ್ವಾ?