ಕೆಳಮನೆಯ ಮೆತೂಷೆಲಹ

“ಮೆತೂಷೆಲಹ ಸಾಯುವವರೆಗೂ ನೀರು ಕಾದಿತ್ತು.” ಇಂಥ ಸಾಲು ಧರ್ಮಗ್ರಂಥದಲ್ಲಿ ನಿಜವಾಗಿಯೂ ಇದೆಯೇ ಅಥವಾ ಪಪ್ಪ ಸೇರಿಸಿದ್ದೇ? ಇಂದು ಒಮಾನಿನ ಬೌಷರ್‌ನಲ್ಲಿ ಮಳೆ ಬಿದ್ದು, ಒದ್ದೆ ಧೂಳಿನ ವಾಸನೆ ಒಳಗೆ ಬಂದಾಗ ಅದು ಮತ್ತೆ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ನಾವು ಇಲ್ಲಿಯದೇ ಬರ್ಕಾದಲ್ಲಿದ್ದೆವು. ಸಂಜೆ ಜಪಮಾಲೆ ಮುಗಿದ ಮೇಲೆ ಪಪ್ಪ ನೋಹನ ಅಜ್ಜನ ಕಥೆ ಹೇಳುತ್ತಿದ್ದರು: ಎಲ್ಲರಿಗಿಂತ ಹೆಚ್ಚು ಕಾಲ ಬದುಕಿದ ಮೆತೂಷೆಲಹ ಸತ್ತ ವರ್ಷವೇ ಜಲಪ್ರಳಯವಾಯಿತಂತೆ. ಕೆಳಮನೆಯಲ್ಲಿದ್ದ ನಮ್ಮ ಮುದಿ ಒಮಾನಿ ಮನೆಮಾಲೀಕರಿಗೆ ತಮ್ಮ ವಯಸ್ಸೇ ಗೊತ್ತಿರಲಿಲ್ಲ. “ನಮ್ಮ ಮೆತೂಷೆಲಹ ಇವರೇ,” ಎಂದು ಪಪ್ಪ ನಗುತ್ತಿದ್ದರು. ನಾನು ನಂಬಿಬಿಟ್ಟೆ.

ಒಂದು ಮಧ್ಯಾಹ್ನ ಆ ಮುದುಕರು ಅಂಗಳದಲ್ಲಿ ಕುಸಿದುಬಿದ್ದರು. ಸ್ವಲ್ಪ ಹೊತ್ತಿಗೆ ಮಳೆ ಶುರುವಾಯಿತು. ಕೆಲಸಕ್ಕೆಂದು ಇಬ್ರಾಕ್ಕೆ ಹೋಗಿದ್ದ ಪಪ್ಪ ಬಂದಿರಲಿಲ್ಲ. ದಾರಿಯ ಒಣಹಳ್ಳ, ಇಲ್ಲಿನವರು ವಾದಿ ಎನ್ನುವುದು, ರಸ್ತೆ ಮುಳುಗಿಸಿ ಹರಿಯುತ್ತಿತ್ತು.

“ಪಪ್ಪನಿಗೋಸ್ಕರ ಪ್ರಾರ್ಥನೆ ಮಾಡು ಪುತಾ,” ಎಂದರು ಮಮ್ಮಿ, ಕಿಟಕಿಯಿಂದ ಕದಲದೆ.

ನಾನು ಮೇಜಿನ ಕೆಳಗೆ ಮುದುಡಿ ಕೂತು ಮುದುಕರಿಗಾಗಿ ಪ್ರಾರ್ಥಿಸಿದೆ. ಅವರು ಸತ್ತರೆ ನೀರು ಪಪ್ಪನನ್ನು ಬಿಡುವುದಿಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು.

ಈಗ ಮಗಳು ಅದೇ ಇಬ್ರಾದಿಂದ ಕಾರಿನಲ್ಲಿ ಬರುತ್ತಿದ್ದಾಳೆ. “ರಿಲ್ಯಾಕ್ಸ್ ಮಮ್ಮಿ,” ಎಂದವಳ ಫೋನ್ ಸಿಗುತ್ತಿಲ್ಲ. ಅಂದು ಪಕ್ಕದ ಮನೆಯ ಝೈನಬಿ ಬಾಗಿಲಲ್ಲಿ ನಿಂತು ನನ್ನ ಮಮ್ಮಿಗೆ ಹೇಳಿದ್ದನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೇನೆ:

“ಹೆದರ್ಬೇಡಿ ಬಾಯಮ್ಮ, ನಿಮ್ಮವರು ನಮ್ಮ ಅಂಗಡಿಗೆ ಫೋನ್ ಮಾಡಿದ್ರು, ವಾದಿಯ ಆಚೆಯೇ ನಿಂತಿದ್ದಾರಂತೆ. ಕೆಳಗಿನ ಬಾಬಾನೂ ಎದ್ದು ಕೂತಿದ್ದಾರೆ, ಕಾಫಿ ತಣ್ಣಗಾಯ್ತೂಂತ ನನಗೇ ಬೈತಾರೆ!”