ವೆಜಿನೆಯಿಂದ ತಂದ ಭಾನುವಾರ

ಹರದನಹಳ್ಳಿಯ ಚಿಕ್ಕಮಲ್ಲಮ್ಮ ಭಾನುವಾರ ಒಲೆ ಹಚ್ಚುವುದಿಲ್ಲ. ಬೆಳಿಗ್ಗೆ ಚಾಮರಾಜನಗರದ ಬಸ್ಸು ಹತ್ತಿ, ಬಸ್ ಸ್ಟ್ಯಾಂಡ್ ಪಕ್ಕ ಇಡ್ಲಿ ತಿಂದು, ಚಾಮರಾಜೇಶ್ವರ ದೇವಸ್ಥಾನದ ಮುಂದಿನ ಪಾರ್ಕಿನಲ್ಲಿ ಕೂರುತ್ತಾಳೆ. ಅಲ್ಲಿ ಏನು ಮಾಡುತ್ತಾಳೆ ಎಂದು ಊರಿನವರು ಕೇಳುತ್ತಾರೆ. ಏನೂ ಮಾಡುವುದಿಲ್ಲ.

ಇದೆಲ್ಲ ಫ್ರಾನ್ಸಿಗೆ ಹೋಗಿ ಬಂದದ್ದರ ಫಲ ಎಂದು ಊರಿನ ಮಾತು. ಪೂರ್ತಿ ಸುಳ್ಳಲ್ಲ.

ಅವಳು ಮೊದಲು ಮೈಸೂರಿನಲ್ಲಿ ಸುನೀಲ್ ಕುಮಾರ್, ಬೃಂದಾ ದಂಪತಿಯ ಮನೆಯಲ್ಲಿ ಅಡುಗೆಗಿದ್ದಳು. ಕಂಪನಿಯವರು ಸುನೀಲ್ ಕುಮಾರರನ್ನು ಪ್ಯಾರಿಸ್ಸಿಗೆ ಕಳಿಸಿದಾಗ, ಎರಡು ಪುಟ್ಟ ಮಕ್ಕಳ ತಾಯಿ ಬೃಂದಾ ಅಡುಗೆಯವಳಿಲ್ಲದೆ ಹೊರಡಲು ಒಪ್ಪಲಿಲ್ಲ. ಚಿಕ್ಕಮಲ್ಲಮ್ಮನ ಮಗಳಿಗೆ ಆಗಲೇ ಮದುವೆಯಾಗಿತ್ತು. ಗಂಡ ಶಿವಮಲ್ಲು ಅರಿಸಿನ ಬೆಳೆಯುತ್ತಿದ್ದ. ಅವನಿಗೆ ಬೇಯಿಸಿಹಾಕಲು ತಾಯಿ ಶಿವಮ್ಮ ಇದ್ದಳು. ಚಿಕ್ಕಮಲ್ಲಮ್ಮ ಹೊರಟಳು.

ಅವರ ಮನೆ ಇದ್ದದ್ದು ಪ್ಯಾರಿಸ್ಸಿನೊಳಗಲ್ಲ, ಪಶ್ಚಿಮಕ್ಕೆ ರೈಲಿನಲ್ಲಿ ಹೋಗಬೇಕಾದ ಲ ವೆಜಿನೆ ಎಂಬ ಊರಿನಲ್ಲಿ. ಉಳ್ಳವರ ಊರು. ಹಿಂದೆ ರಾಜರು ಬೇಟೆಯಾಡುತ್ತಿದ್ದ ಕಾಡಂತೆ. ನೂರೈವತ್ತು ವರ್ಷಕ್ಕೂ ಹಿಂದೆ ಒಬ್ಬ ವ್ಯಾಪಾರಿ ಆ ಕಾಡನ್ನು ಪಡೆದು ಸೈಟು ಮಾಡಿದ. ಕೆರೆ ತೋಡಿಸಿದ, ತೊರೆ ಹರಿಸಿದ, ಹುಲ್ಲು ಬೆಳೆಸಿದ. ಕೊಂಡವರಿಗೆ ಷರತ್ತು ಹಾಕಿದ: ಕಾರ್ಖಾನೆ ಕೂಡದು, ನೋಟಕ್ಕೆ ಅಡ್ಡವಾಗುವ ಗೋಡೆ ಕೂಡದು. ಒಬ್ಬರ ತೋಟ ಇನ್ನೊಬ್ಬರಿಗೆ ಕಾಣಬೇಕು, ಊರೆಲ್ಲ ಒಂದೇ ತೋಟದಂತಿರಬೇಕು. ಈಗಲೂ ಹೆಚ್ಚುಕಡಿಮೆ ಹಾಗೇ ಇದೆ.

ಹೋದ ಹೊಸದರಲ್ಲಿ ಚಿಕ್ಕಮಲ್ಲಮ್ಮ ಮನೆ ಮುಂದಿನ ಹುಲ್ಲಿನ ಮೇಲೆ ಒದ್ದೆ ಸೀರೆ ಹರವಿದ್ದಳು. ಬೃಂದಾ ಓಡಿಬಂದರು.

"ಅಯ್ಯೋ ಮಲ್ಲಮ್ಮ, ಒಳಗೆ ತನ್ನಿ, ರೋಡಿಗೆ ಕಾಣತ್ತೆ!"

"ಕಾಣ್ಲಿ ಅಂತಾನೆ ತಾನೆ ಅಕ್ಕೋರೆ, ಕಾಂಪೌಂಡು ಕಟ್ದೆ ಬುಟ್ಟಿರದು?"

ಹೂವು ಕಾಣಬಹುದು, ಒಗೆದ ಬಟ್ಟೆ ಕಾಣಬಾರದು ಎಂಬುದು ಅವಳಿಗೆ ಅವತ್ತು ತಿಳಿಯಿತು. ಒಗೆಯುವವರೂ ಹಾಗೆಯೇ. ಬೇರೆ ಬಡಾವಣೆಗಳಿಂದ ಹೆಂಗಸರು ರೈಲಿನಲ್ಲಿ ಬಂದು, ನೆಲ ಒರೆಸಿ, ಇಸ್ತ್ರಿ ಮಾಡಿ, ಸಂಜೆಯೊಳಗೆ ರೈಲು ಹತ್ತಿಬಿಡುತ್ತಿದ್ದರು. ಆ ಊರು ಹುಟ್ಟಿದ ಕಾಲಕ್ಕೇ ಅಲ್ಲಿನ ಚಕ್ರವರ್ತಿ ಒಂದು ಆರೈಕೆಯ ಮನೆ ಕಟ್ಟಿಸಿದ್ದನಂತೆ. ಪ್ಯಾರಿಸ್ಸಿನ ಆಸ್ಪತ್ರೆಗಳಿಂದ ಬಿಟ್ಟ ಕೂಲಿ ಹೆಂಗಸರು ಚೇತರಿಸಿಕೊಳ್ಳುವವರೆಗೆ ಅಲ್ಲಿ ಇರಬಹುದಿತ್ತು. ಪಕ್ಕದ ಮನೆಗೆ ಕೆಲಸಕ್ಕೆ ಬರುವ ಪೋರ್ಚುಗೀಸ್ ಹೆಂಗಸು ಹರಕುಮುರುಕು ಫ್ರೆಂಚಿನಲ್ಲಿ, ಕೈಸನ್ನೆಯಲ್ಲಿ ಇದನ್ನು ಹೇಳಿದಾಗ ಚಿಕ್ಕಮಲ್ಲಮ್ಮ ಕೇಳಿದ್ದು ಒಂದೇ: ಸುಸ್ತಾದ ಹೆಂಗಸಿಗೆ ಜಾಗ ಸಿಗಬೇಕಾದರೆ ಕಾಯಿಲೆಯೇ ಬೀಳಬೇಕೇ? ಆ ಹೆಂಗಸು ನಕ್ಕು, "ನನಗೆ ಭಾನುವಾರ ಇದೆ" ಎಂದಳು.

ಭಾನುವಾರ ಊರೇ ಸಡಿಲಾಗುತ್ತಿತ್ತು. ಗಂಡಸರು ಬುಟ್ಟಿ ಹಿಡಿದು ಬ್ರೆಡ್ಡಿಗೆ ಕ್ಯೂ ನಿಲ್ಲುವರು. ಸರಳಿನ ಮೇಲೆ ಸುತ್ತುತ್ತ ಸುಟ್ಟ ಇಡೀ ಕೋಳಿಯನ್ನು ಕಟ್ಟಿಸಿಕೊಂಡು ಹೋಗುವರು. ಬೃಂದಾ ಮನೆಯಲ್ಲಿ ಮಾತ್ರ ಅಂದು ಊಟಕ್ಕೆ ಅಲ್ಲಿನ ಕನ್ನಡದ ಗೆಳೆಯರು. ಬಿಸಿಬೇಳೆಬಾತು, ವಡೆ, ಒಬ್ಬಟ್ಟು. ಚಿಕ್ಕಮಲ್ಲಮ್ಮ ರಜೆ ಕೇಳಿದಳು.

"ನೀವು ಮನೆಯವರ ಥರ ಅಲ್ವಾ ಮಲ್ಲಮ್ಮ? ಮನೇಲಿ ಯಾರಾದ್ರೂ ರಜ ಹಾಕ್ತಾರಾ?"

"ಮನೆಯೋಳಾದ್ರೆ ನಾನೂವೆ ನಿಮ್ಜೊತೆ ಟೇಬಲ್‌ಗೆ ಕೂತು ಉಣ್ಬೇಕಲ್ರವ್ವ."

ಬೃಂದಾ ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಭಾನುವಾರ ಬಿಟ್ಟುಕೊಟ್ಟರು. ಅಲ್ಲಿ ಉಳಿದಷ್ಟು ಕಾಲವೂ ಆ ದಿನ ಚಿಕ್ಕಮಲ್ಲಮ್ಮ ಕೆರೆಯ ಬೆಂಚಿನ ಮೇಲೆ ಬಾತುಗಳನ್ನು ನೋಡುತ್ತ ಕಳೆದಳು.

ಹರದನಹಳ್ಳಿಗೆ ಮರಳಿದ ಮೇಲೆ ಅದನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಅವರ ಮನೆಯಲ್ಲಿ ಭಾನುವಾರ ಬಾಡಿನೂಟ, ಸೋಮವಾರ ಮನೆದೇವರು ಮಾದಪ್ಪನ ವಾರ, ಮಾಂಸದ ಸೋಂಕೂ ಕೂಡದು. ಅಂದರೆ ಹೆಂಗಸು ಭಾನುವಾರ ಮಸಾಲೆ ಅರೆದು, ಬೇಯಿಸಿ, ಬಡಿಸಿ, ಸಂಜೆಗೆ ಪಾತ್ರೆಯನ್ನೆಲ್ಲ ಬೆಳಗಿ, ಮನೆ ತೊಳೆದು, ಬೆಳಗಾದರೆ ದೇವರ ಎಡೆಗೆ ಅಣಿಯಾಗಬೇಕು. ಚಿಕ್ಕಮಲ್ಲಮ್ಮ ಭಾನುವಾರ ತನ್ನಿಂದಾಗದು ಎಂದಳು.

ಶಿವಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಆಗ್ಲಿ ಕಣಮ್ಮಿ, ನೋಡನ. ನಿನ್ ಭಾನ್ವಾರದ್ ದೆಸೆಯಿಂದ ನಮ್ಮಪ್ಪ ಮಾದಪ್ಪನ್ ಎಡೆ ಏನಾರ ಕೆಡ್ತೋ, ಅವತ್ಗೇ ನಿನ್ ಪ್ಯಾರಿಸ್ಸು ಮುಗೀತು."

"ಆಯ್ತು ಅತ್ತಮ್ಮ."

ಶಿವಮ್ಮನಿಗೆ ಈಗ ಮೊದಲಿನಂತೆ ಕೈಲಾಗುತ್ತಿರಲಿಲ್ಲ; ಮೊದಲ ಭಾನುವಾರಗಳು ಮೊಸರನ್ನ, ಉಪ್ಪಿನಕಾಯಿಯಲ್ಲಿ ಕಳೆದವು. ಒಂದು ಭಾನುವಾರ ಶಿವಮಲ್ಲು ತಾಳಲಾರದೆ ತಾನೇ ಬಾಡು ತಂದು ಸಾರು ಮಾಡಿದ. ಚೆನ್ನಾಗಿಯೇ ಆಗಿತ್ತು. ಶಿವಮ್ಮ ಎರಡನೇ ಸಲ ಹಾಕಿಸಿಕೊಂಡಳು.

ಸಂಜೆ ಬಸ್ಸಿಳಿದು ಬಂದ ಚಿಕ್ಕಮಲ್ಲಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಒಲೆಯ ಮೇಲೆ ಸಾರು ಮೆತ್ತಿಕೊಂಡು ಕೂತಿದ್ದದ್ದು ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟಿರುತ್ತಿದ್ದ ಹಿತ್ತಾಳೆ ತಪ್ಪಲೆ, ಮಾದಪ್ಪನ ಎಡೆ ಬೇಯಿಸುವ ತಪ್ಪಲೆ.

"ಇದ್ಯಾಕೆ ಇಳಿಸ್ದ್ರಿ?"

"ದೊಡ್ದಾಗಿ ಸಂದಾಗಿತ್ತು, ಇಳಿಸ್ದೆ. ಯಾಕೆ?"

ಶಿವಮಲ್ಲು ಅದರಲ್ಲಿ ಬೆಂದ ಎಡೆಯನ್ನು ಹುಟ್ಟಿದಾಗಿನಿಂದ ಉಂಡವನು. ಅದು ಎಲ್ಲಿಂದ ಇಳಿಯುತ್ತದೆ, ಯಾರು ತೊಳೆದು ಮತ್ತೆ ಎಲ್ಲಿಡುತ್ತಾರೆ ಎಂದು ನೋಡಿರಲಿಲ್ಲ.

ಶಿವಮ್ಮ ಗೋಡೆ ಹಿಡಿದು ಬಂದಳು. ನೋಡಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯೋ ಮುಂಡೇದೆ, ಕೆಡಿಸ್‌ಬುಟ್ಟಲ್ಲೋ! ನಾನೂ ಅದ್ರಲ್ಲೇ ಉಂಡ್ನಲ್ಲೋ!" ಎಂದು ಮಗನನ್ನು ಬೈದು ಸೊಸೆಯ ಕಡೆ ತಿರುಗಿದಳು. "ನಾನೇನೇಳಿದ್ದೆ ನಿಂಗೆ?"

"ಎಡೆ ಕೆಟ್ರೆ ಅಂದಿದ್ರಿ. ಎಡೆ ನಾಳೀಕೆ. ತಪ್ಪಲೆ ಬೆಳಗದಿಕ್ಕೆ ಇನ್ನೂ ಹೊತ್ತದೆ. ನಂಗೆ ಇವತ್ತು ರಜ."

ಶಿವಮಲ್ಲು ಇಬ್ಬರ ಮುಖವನ್ನೂ ನೋಡಿದ. ಹುಣಸೆಹಣ್ಣು, ಬೂದಿ ತೆಗೆದುಕೊಂಡು ತಪ್ಪಲೆಯನ್ನು ಅಂಗಳಕ್ಕೆ ಒಯ್ದ. ಬೀದಿಯಲ್ಲಿ ಹೋಗುತ್ತಿದ್ದ ಗೆಳೆಯ ಮಾದಣ್ಣ ಬೈಕು ನಿಲ್ಲಿಸಿದ.

"ಏನ್ಲಾ ಶಿವಮಲ್ಲು, ಫಾರಿನ್‌ಗೋಗಿದ್ದೋಳು ಅವ್ಳು. ತಪ್ಪಲೆ ಉಜ್ಜೋನು ನೀನಾ?"

"ಅಲ್ಲೆಲ್ಲ ಗಂಡಸ್ರೇ ಉಜ್ಜೋದಂತೆ ಕಣ್ಲಾ. ನಿಂಗೇನ್ ಗೊತ್ತು, ಓಗು."

ಜಗಲಿಯ ಮೇಲಿದ್ದ ಚಿಕ್ಕಮಲ್ಲಮ್ಮ ಅದು ಸುಳ್ಳೆಂದು ಬಲ್ಲಳು. ತಿದ್ದಲು ಹೋಗಲಿಲ್ಲ.

ತಪ್ಪಲೆ ಫಳಫಳ ಹೊಳೆಯಿತು. ಶಿವಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಬೆರಳಾಡಿಸಿದಳು, ಮೂಸಿದಳು. ಮಗ, ಸೊಸೆ ಇಬ್ಬರೂ ಕಾದರು.

"ಎಷ್ಟುಜ್ಜಿದ್ರೂ ನನ್ ಮನ್ಸು ಒಪ್ಪಕಿಲ್ಲ. ನಮ್ಮಪ್ಪಂಗೆ ಬೇರೇದು ತಂದ್ಕಂಡ್ರಾಯ್ತು. ನಾಳೀಕೆ ಅಟ್ಟದ್ ಮ್ಯಾಲಿರೋ ಸಣ್ಣ ತಪ್ಪಲೇಲೆ ಎಡೆ ಆಗ್ಲಿ."

"ಮತ್ತೆ ಇದು?" ಎಂದ ಶಿವಮಲ್ಲು.

ಮುದುಕಿ ತಪ್ಪಲೆಯನ್ನು ಅವನ ಕಡೆ ತಳ್ಳಿದಳು.

"ಇದು ಇನ್ಮ್ಯಾಕೆ ಭಾನ್ವಾರದ್ದು. ನಿಂದೇ ಕಣ್ಲಾ, ಮಡಿಕೊ. ಬರೋ ವಾರ ಉಪ್ಪು ಒಸಿ ಕಮ್ಮಿ ಹಾಕು."